ಟೆಲ್ಮಾ ಎಂದರೆ ಅಲ್ಲಿ ಯಾರಿಗೂ ತಿಳಿಯದು: ವಿದೇಶದಲ್ಲಿ ಬಿಪಿ ಮಾತ್ರೆ ಹುಡುಕುವ ಬಗೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಸಾಮಾನ್ಯವಾಗಿ ಆರು ತಿಂಗಳ ವಾಸಕ್ಕೆ ಅನುಮತಿ ಸಿಗುತ್ತದೆ. ಸ್ವಂತ ಬಳಕೆಗೆ ಒಯ್ಯುವ ಔಷಧಕ್ಕೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಸಾಮಾನ್ಯ ಮಿತಿ 90 ದಿನಗಳದ್ದು. ಉಳಿದ ಮೂರು ತಿಂಗಳಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಬಹಳ ಮನೆಗಳಲ್ಲಿ ಏಳುವುದು ಕೊನೆಯ ಸ್ಟ್ರಿಪ್ಪಿನಲ್ಲಿ ನಾಲ್ಕು ಮಾತ್ರೆ ಉಳಿದಾಗ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬಾಳಕದ ಮೆಣಸಿನಕಾಯಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಸೂಟ್‌ಕೇಸಿಗೆ ತುಂಬುವವರು ಬಿಪಿ ಮಾತ್ರೆಯ ವಿಷಯ ಬಂದಾಗ ‘ಅಲ್ಲೇ ತೆಗೆದುಕೊಂಡರಾಯಿತು’ ಎನ್ನುತ್ತಾರೆ. ತೆಗೆದುಕೊಳ್ಳಬಹುದು, ನಿಜ. ಆದರೆ ಅದಕ್ಕೆ ಬೇಕಾದ ಕೆಲಸದ ಬಹುಪಾಲನ್ನು ಊರು ಬಿಡುವ ಮೊದಲೇ ಮುಗಿಸಿರಬೇಕು. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಮಾಡಿಕೊಳ್ಳುವಂಥವು.

1. ಸ್ಟ್ರಿಪ್ಪಿನ ಹಿಂಬದಿಯನ್ನು ಓದಿ

ನಮ್ಮಲ್ಲಿ ಮಾತ್ರೆಯನ್ನು ಕಂಪನಿ ಇಟ್ಟ ಹೆಸರಿನಿಂದ ಗುರುತಿಸುವುದು ರೂಢಿ. ‘ಟೆಲ್ಮಾ ನಲವತ್ತು’ ಎಂದರೆ ಮೆಡಿಕಲ್ ಶಾಪಿನ ಹುಡುಗ ಚೀಟಿಯನ್ನೂ ಕೇಳದೆ ಎತ್ತಿಕೊಡುತ್ತಾನೆ. ಟೆಲ್ಮಾ ಗ್ಲೆನ್‌ಮಾರ್ಕ್ ಕಂಪನಿಯ ಬ್ರ್ಯಾಂಡ್. ಒಳಗಿರುವ ಔಷಧ ಟೆಲ್ಮಿಸಾರ್ಟನ್. ಅದೇ ಔಷಧ ಯುಎಸ್‌ವಿ ಕಂಪನಿಯ ಕೈಯಲ್ಲಿ ಟಾಜ್‌ಲಾಕ್ ಆಗುತ್ತದೆ, ಅಮೆರಿಕದಲ್ಲಿ ಮೈಕಾರ್ಡಿಸ್ ಆಗುತ್ತದೆ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮಾರುವ ಆಮ್‌ಲಾಂಗ್‌ನಲ್ಲಿರುವುದು ಆಮ್ಲೋಡಿಪಿನ್. ಅದನ್ನು ಅಮೆರಿಕದವರು ನಾರ್ವಾಸ್ಕ್ ಎಂದೂ ಬ್ರಿಟನ್ನಿನವರು ಇಸ್ಟಿನ್ ಎಂದೂ ಬಲ್ಲರು. ನ್ಯೂಜೆರ್ಸಿಯ ಔಷಧ ಅಂಗಡಿಯಲ್ಲಿ ನಿಂತು ‘ಟೆಲ್ಮಾ’ ಎಂದು ಎಷ್ಟು ಸ್ಪಷ್ಟವಾಗಿ ಉಚ್ಚರಿಸಿದರೂ ಉಪಯೋಗವಿಲ್ಲ. ‘ಟೆಲ್ಮಿಸಾರ್ಟನ್ 40 ಮಿಲಿಗ್ರಾಂ’ ಎಂದರೆ ಜಗತ್ತಿನ ಯಾವ ಫಾರ್ಮಸಿಸ್ಟರಿಗೂ ತಿಳಿಯುತ್ತದೆ.

ಸ್ಟ್ರಿಪ್ಪಿನ ಹಿಂದೆ ‘ಪ್ರತಿ ಮಾತ್ರೆಯಲ್ಲಿ’ ಎಂದು ಆರಂಭವಾಗುವ ಇಂಗ್ಲಿಷ್ ಸಾಲುಗಳಿರುತ್ತವೆ. ನೀವು ಬರೆದಿಟ್ಟುಕೊಳ್ಳಬೇಕಾದದ್ದು ಅದನ್ನೇ. ಮುದ್ರಣ ಇರುವೆ ಸಾಲಿನಂತಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. 2023ರ ಆಗಸ್ಟ್‌ನಿಂದ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಸ್ಕ್ಯಾನ್ ಮಾಡಿದರೂ ಔಷಧದ ಮೂಲ ಹೆಸರು ಸಿಗುತ್ತದೆ. ಸ್ಟ್ರಿಪ್ಪನ್ನು ಕತ್ತರಿಸಿ ಕೊಡುವ ಅಂಗಡಿಯಲ್ಲಿ ಹೆಸರಿರುವ ತುದಿಯನ್ನೇ ಕೇಳಿ ಪಡೆಯಿರಿ.

ಬ್ರ್ಯಾಂಡಿನ ಬಾಲದಲ್ಲಿರುವ ಅಕ್ಷರಗಳನ್ನು ಬಿಡಬೇಡಿ. ಟೆಲ್ಮಾ ಎಚ್ ಎಂದರೆ ಜತೆಗೆ ಹೈಡ್ರೋಕ್ಲೋರೋಥಯಜೈಡ್ ಎಂಬ ಮೂತ್ರವರ್ಧಕವಿದೆ. ಟೆಲ್ಮಾ ಎಎಂನಲ್ಲಿ ಆಮ್ಲೋಡಿಪಿನ್, ಟೆಲ್ಮಾ ಎಲ್‌ಎನ್‌ನಲ್ಲಿ ಸಿಲ್ನಿಡಿಪಿನ್ ಸೇರಿರುತ್ತದೆ. ‘ಟೆಲ್ಮಾ ತಿನ್ನುತ್ತೇನೆ’ ಎಂದಷ್ಟೇ ಹೇಳಿದರೆ ನಿಮ್ಮ ಚಿಕಿತ್ಸೆಯ ಅರ್ಧ ಕಥೆ ಅಲ್ಲಿನ ವೈದ್ಯರಿಗೆ ತಲುಪುವುದೇ ಇಲ್ಲ.

ಮೂಲ ಹೆಸರಿನ ಕೊನೆಯ ಭಾಗದಿಂದ ಔಷಧದ ಕುಲ ತಿಳಿಯುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್‌ಗಳದು ಒಂದು ಕುಲ. ರಾಮಿಪ್ರಿಲ್, ಲಿಸಿನೊಪ್ರಿಲ್‌ಗಳದು ಇನ್ನೊಂದು. ‘ಡಿಪಿನ್’ ಎಂದು ಮುಗಿಯುವವು ಮೂರನೆಯದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥವು ನಾಲ್ಕನೆಯದು. ಇದರ ಪ್ರಯೋಜನ ಕಾವಲಿನದು. ಈಗಾಗಲೇ ಒಂದು ‘ಸಾರ್ಟನ್’ ನುಂಗುತ್ತಿರುವವರ ಕೈಗೆ ಇನ್ನೊಂದು ‘ಸಾರ್ಟನ್’ ಅಥವಾ ‘ಪ್ರಿಲ್’ ಬಂದರೆ, ಅದು ಹಳೆಯದರ ಬದಲಿಗೋ ಜತೆಗೋ ಎಂದು ಕೇಳಲೇಬೇಕು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು.

2. ಹೆಸರು ಒಂದೇ ಇದ್ದರೆ ಇನ್ನೂ ಜಾಗ್ರತೆ

ಪರಿಚಿತ ಬ್ರ್ಯಾಂಡ್ ಪರದೇಶದಲ್ಲಿ ಕಂಡರೆ ನೆಂಟರು ಸಿಕ್ಕಷ್ಟು ಖುಷಿಯಾಗುತ್ತದೆ. ಆ ಖುಷಿಯನ್ನು ಸ್ವಲ್ಪ ತಡೆದುಕೊಳ್ಳಿ. ಅಮೆರಿಕದಲ್ಲಿ ಡಿಲಾಕೋರ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದದ್ದು ರಕ್ತದೊತ್ತಡ ಇಳಿಸುವ ಡಿಲ್ಟಿಯಾಜೆಮ್. ಸರ್ಬಿಯಾದಲ್ಲಿ ಡಿಲಾಕೋರ್ ಎಂದರೆ ಡಿಗಾಕ್ಸಿನ್. ಹೃದಯಕ್ಕೆ ಕೊಡುವ, ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷವಾಗುವ ಔಷಧ. ಇಂಥ ಅದಲುಬದಲುಗಳ ಬಗ್ಗೆ ಎಫ್‌ಡಿಎ 2006ರಲ್ಲೇ ಪ್ರವಾಸಿಗರನ್ನು ಎಚ್ಚರಿಸಿತ್ತು. ಬ್ರ್ಯಾಂಡ್ ಹೊಂದಿದರೂ ಮೂಲ ಹೆಸರನ್ನು ಓದದೆ ಹಣ ಕೊಡಬೇಡಿ.

3. ಅಂಕಿ ಬೇರೆಯಾದರೂ ಮದ್ದು ಅಷ್ಟೇ ಇರಬಹುದು

ಬಹಳಷ್ಟು ಜನರು ಎಡವುವ ಜಾಗ ಇದು. ಮೂಲ ಹೆಸರು ಸರಿಯಾಗಿರುತ್ತದೆ, ಮಿಲಿಗ್ರಾಂ ಹೊಂದುವುದಿಲ್ಲ.

ನಮ್ಮಲ್ಲಿ ಎಸ್-ಆಮ್ಲೋಡಿಪಿನ್ ಎಂಬ ಮಾತ್ರೆ ಧಾರಾಳವಾಗಿ ಬಳಕೆಯಲ್ಲಿದೆ. ಎಸ್-ನುಮ್ಲೋ ಅದರ ಒಂದು ಬ್ರ್ಯಾಂಡ್. ಸಾಮಾನ್ಯ ಆಮ್ಲೋಡಿಪಿನ್‌ನಲ್ಲಿ ಕೆಲಸ ಮಾಡುವ ಅರ್ಧಭಾಗವನ್ನು ಮಾತ್ರ ಬೇರ್ಪಡಿಸಿದ ರೂಪ ಅದು. ಹಾಗಾಗಿ ಎಸ್-ಆಮ್ಲೋಡಿಪಿನ್ 2.5 ಮಿಲಿಗ್ರಾಂ ಸಾಮಾನ್ಯ ಆಮ್ಲೋಡಿಪಿನ್ 5 ಮಿಲಿಗ್ರಾಂಗೆ ಸಮ. ವಿದೇಶದ ವೈದ್ಯರು ನಿಮ್ಮ ಚೀಟಿಯಲ್ಲಿ 2.5 ಎಂಬುದನ್ನಷ್ಟೇ ನೋಡಿ ಸಾಮಾನ್ಯ ಆಮ್ಲೋಡಿಪಿನ್ 2.5 ಬರೆದರೆ ನಿಮಗೆ ಸಿಗುವುದು ಅರ್ಧ ಮದ್ದು.

ಮೆಟೊಪ್ರೊಲಾಲ್‌ನಲ್ಲಿ ಎರಡು ತೊಡಕುಗಳಿವೆ. ಸಕ್ಸಿನೇಟ್ ಎಂಬ ರೂಪ ನಿಧಾನವಾಗಿ ಬಿಡುಗಡೆಯಾಗಿ ದಿನಕ್ಕೊಮ್ಮೆ ಸಾಕಾಗುತ್ತದೆ. ಟಾರ್ಟ್ರೇಟ್ ಎಂಬ ಮಾಮೂಲಿ ರೂಪವನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಬೇಕು. ಸ್ಟ್ರಿಪ್ಪಿನ ಮೇಲೆ ನಿಧಾನ ಬಿಡುಗಡೆಯನ್ನು ಸೂಚಿಸುವ ಎಕ್ಸ್‌ಎಲ್, ಇಆರ್ ಎಂಬ ಅಕ್ಷರಗಳಿದ್ದರೆ ಅವೂ ಹೆಸರಿನ ಭಾಗವೇ. ಇನ್ನು ಜರ್ಮನಿಯ ಡಬ್ಬಿಯ ಮೇಲೆ ಮೆಟೊಪ್ರೊಲಾಲ್ ಸಕ್ಸಿನೇಟ್ 47.5 ಎಂದಿದ್ದರೆ ಗಾಬರಿಯಾಗಬೇಡಿ, ಅದು ನಮ್ಮ 50ರದ್ದೇ. 95 ಎಂದರೆ ನಮ್ಮ 100. ಔಷಧ ಸೇರಿಕೊಂಡಿರುವ ಲವಣದ (ಸಕ್ಸಿನೇಟ್, ಟಾರ್ಟ್ರೇಟ್‌ನಂಥವು) ತೂಕವನ್ನು ಬರೆಯುವ ಕ್ರಮ ಬೇರೆ, ಅಷ್ಟೇ. ಪೆರಿಂಡೊಪ್ರಿಲ್ ತೆಗೆದುಕೊಳ್ಳುವವರಿಗೆ ಆಸ್ಟ್ರೇಲಿಯಾದಲ್ಲಿ ಇದೇ ಅನುಭವವಾಗಬಹುದು: ಅರ್ಜಿನೀನ್ ಲವಣದ 5 ಮಿಲಿಗ್ರಾಂ, ಎರ್ಬುಮೀನ್ ಲವಣದ 4 ಮಿಲಿಗ್ರಾಂಗೆ ಸಮ.

ಇಂಥ ಲೆಕ್ಕವನ್ನು ಅಡುಗೆಮನೆಯಲ್ಲಿ ಕುಳಿತು ನೀವೇ ಮಾಡಿಕೊಳ್ಳಬೇಡಿ. ವ್ಯತ್ಯಾಸ ಕಂಡರೆ ಫಾರ್ಮಸಿಸ್ಟರಿಗೆ ಎರಡೂ ಪೊಟ್ಟಣಗಳನ್ನು ತೋರಿಸಿ. ಮಾಹಿತಿ ಕೇಳುವುದಕ್ಕೆ ಅವರು ಶುಲ್ಕ ಪಡೆಯುವುದಿಲ್ಲ.

4. ಅಲ್ಲಿ ಸಿಗದ ಔಷಧವಿದ್ದರೆ ಇಲ್ಲೇ ತೀರ್ಮಾನ ಮಾಡಿ

ಸಿಲ್ನಿಡಿಪಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಜಪಾನಿನಲ್ಲಿ ಹುಟ್ಟಿದ ಈ ಔಷಧ ನಮ್ಮಲ್ಲಿ ಸಿಲಾಕಾರ್ ಮುಂತಾದ ಹೆಸರುಗಳಲ್ಲಿ ಬಲು ಜನಪ್ರಿಯ. ಅಮೆರಿಕದಲ್ಲಿ ಇದಕ್ಕೆ ಎಫ್‌ಡಿಎ ಒಪ್ಪಿಗೆಯೇ ಇಲ್ಲ. ಎಷ್ಟು ಅಂಗಡಿ ಸುತ್ತಿದರೂ, ಎಷ್ಟು ಡಾಲರ್ ಕೊಟ್ಟರೂ ಸಿಗುವುದಿಲ್ಲ. ಅಲ್ಲಿನ ವೈದ್ಯರು ಇದರ ಬದಲು ಬರೆಯುವುದು ಬಹುತೇಕ ಆಮ್ಲೋಡಿಪಿನ್. ಆದರೆ ನಮ್ಮ ಅನೇಕರಿಗೆ ಸಿಲ್ನಿಡಿಪಿನ್ ಕೊಟ್ಟಿರುವುದೇ ಆಮ್ಲೋಡಿಪಿನ್‌ನಿಂದ ಪಾದ ಊದಿಕೊಂಡಿತು ಎಂಬ ಕಾರಣಕ್ಕೆ! ಆ ಹಳೆಯ ಸಂಗತಿ ನಿಮಗೆ ಮರೆತಿರುತ್ತದೆ, ಹೊಸ ವೈದ್ಯರಿಗೆ ತಿಳಿದಿರುವುದಿಲ್ಲ, ಮೂರನೇ ವಾರಕ್ಕೆ ಚಪ್ಪಲಿ ಬಿಗಿಯಾಗುತ್ತದೆ.

ಆದ್ದರಿಂದ ಹೊರಡುವುದಕ್ಕೆ ಎರಡು ತಿಂಗಳ ಮುಂಚೆಯೇ ನಿಮ್ಮ ವೈದ್ಯರ ಬಳಿ ಹೋಗಿ ನೇರವಾಗಿ ಕೇಳಿ: ‘ಡಾಕ್ಟ್ರೇ, ಇದು ಅಲ್ಲಿ ಸಿಗುವುದಿಲ್ಲ. ಇಡೀ ಅವಧಿಗೆ ಇದನ್ನೇ ಒದಗಿಸಿಕೊಳ್ಳಬೇಕೋ, ಅಲ್ಲಿ ಸಿಗುವ ಔಷಧಕ್ಕೆ ಈಗಲೇ ಬದಲಿಸುತ್ತೀರೋ?’ ಬದಲಿಸುವುದಾದರೆ ನಿಮ್ಮನ್ನು ಬಲ್ಲ ವೈದ್ಯರು ಕೈಗೆ ಸಿಗುವಾಗಲೇ ಬದಲಿಸಿಕೊಂಡು, ನಾಲ್ಕಾರು ವಾರ ಬಿಪಿ ನೋಡಿಕೊಂಡು ವಿಮಾನ ಹತ್ತುವುದು ಮೇಲು. ಮೂರು ನಾಲ್ಕು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವ ಹುಮ್ಮಸ್ಸು ನಮ್ಮ ಕಂಪನಿಗಳಿಗೆ ಹೆಚ್ಚು. ಅಂಥ ಜೋಡಣೆಗಳು ಹೊರಗೆ ಒಂದೇ ಮಾತ್ರೆಯಾಗಿ ಸಿಗದಿರಬಹುದು. ಘಟಕಗಳು ಬಿಡಿಬಿಡಿಯಾಗಿ ಸಿಕ್ಕರೆ ಅಡ್ಡಿಯಿಲ್ಲ. ಅಮೆರಿಕದಲ್ಲಂತೂ ಎಷ್ಟೋ ಸಲ ಬಿಡಿಯಾಗಿ ಕೊಂಡರೇ ಅಗ್ಗ.

5. ವೈದ್ಯರಿಂದ ಪತ್ರ

ಗೀಚಿದ ಚೀಟಿ ಸಾಲದು. ಲೆಟರ್‌ಹೆಡ್ಡಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ ಇರುವ ಪತ್ರ ಪಡೆಯಿರಿ. ಪಾಸ್‌ಪೋರ್ಟಿನಲ್ಲಿರುವಂತೆಯೇ ನಿಮ್ಮ ಹೆಸರು, ಕಾಯಿಲೆ, ಪ್ರತಿ ಔಷಧದ ಮೂಲ ಹೆಸರು, ಪ್ರಮಾಣ, ಹೊತ್ತು, ಹಿಂದೆ ಒಗ್ಗದ ಔಷಧ ಮತ್ತು ಅದರಿಂದಾದ ತೊಂದರೆ ಅದರಲ್ಲಿರಲಿ. ಪಾದ ಊದಿದ್ದು, ‘ಪ್ರಿಲ್’ ಮಾತ್ರೆಯಿಂದ ಒಣಕೆಮ್ಮು ಬಂದದ್ದು ಇವೆಲ್ಲ ಈ ಕೊನೆಯ ಸಾಲಿಗೆ ಸೇರುತ್ತವೆ, ಮತ್ತು ನನ್ನ ಎಣಿಕೆಯಲ್ಲಿ ಇಡೀ ಪತ್ರದಲ್ಲಿ ಹೆಚ್ಚು ಬೆಲೆಬಾಳುವ ಸಾಲು ಅದೇ. ಮೂತ್ರಪಿಂಡದ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್, ಪೊಟ್ಯಾಸಿಯಂ ವರದಿ ಮತ್ತು ಇಸಿಜಿಯ ಪ್ರತಿಯನ್ನೂ ಜತೆಗಿಡಿ. ಅಲ್ಲಿ ಹೊಸದಾಗಿ ಮಾಡಿಸುವ ಖರ್ಚು ಉಳಿಯಬಹುದು. ಎಲ್ಲದರ ಫೋಟೊ ಮಗನ ಅಥವಾ ಮಗಳ ಮೊಬೈಲಿಗೂ ಹೋಗಲಿ.

6. ಎಷ್ಟು ಒಯ್ಯಬೇಕು, ಹೇಗೆ ಒಯ್ಯಬೇಕು

ಮಿತಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಗಳಷ್ಟು. ಆಸ್ಟ್ರೇಲಿಯಾ, ಸಿಂಗಪುರಗಳಿಗೆ ಮೂರು ತಿಂಗಳಷ್ಟು. ಜಪಾನ್ ಬಿಗಿ: ವೈದ್ಯರು ಬರೆದುಕೊಟ್ಟ ಔಷಧ ಒಂದು ತಿಂಗಳಿಗಿಂತ ಹೆಚ್ಚಿದ್ದರೆ ಮೊದಲೇ ಅರ್ಜಿ ಹಾಕಿ ದೃಢೀಕರಣ ಪತ್ರ ಪಡೆಯಬೇಕು.

ಬಿಪಿ ಮಾತ್ರೆಗೆ ಯಾರೂ ತಕರಾರು ತೆಗೆಯುವುದು ಕಡಿಮೆ. ತೊಂದರೆ ತರುವುದು ಅದರ ಪಕ್ಕದಲ್ಲಿರುವ ಮಾತ್ರೆ. ನಮ್ಮಲ್ಲಿ ಬಿಪಿಯವರಿಗೆ ರಾತ್ರಿ ನಿದ್ದೆಗೆಂದು ಆಲ್‌ಪ್ರಜೋಲಾಮ್, ಕ್ಲೊನಾಜೆಪಾಮ್ ಬರೆಯುವುದುಂಟು. ಯುಎಇ, ಸಿಂಗಪುರ, ಜಪಾನ್‌ಗಳಲ್ಲಿ ಇವು ನಿಯಂತ್ರಿತ ಔಷಧಗಳು. ಯುಎಇಯಲ್ಲಿ ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಕೂಡ ಹಾಗೆಯೇ. ದುಬೈನಲ್ಲಿ ವಿಮಾನ ಬದಲಿಸುವವರೂ ಒಮ್ಮೆ ಚೀಲ ತಡವಿ ನೋಡಿಕೊಳ್ಳುವುದು ಒಳ್ಳೆಯದು. ಯುಎಇಗೆ ಇಂಥವನ್ನು ಒಯ್ಯಲೇಬೇಕಿದ್ದರೆ ಅಲ್ಲಿನ ಸರಕಾರದ ಅನುಮತಿಗೆ ಆನ್‌ಲೈನಿನಲ್ಲಿ ಮೊದಲೇ ಅರ್ಜಿ ಹಾಕಬೇಕು.

ಮಾತ್ರೆಗಳು ಕೈಚೀಲದಲ್ಲಿರಲಿ, ಸರಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ. ಸ್ಟ್ರಿಪ್ಪಿನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬುವ ಅಚ್ಚುಕಟ್ಟುತನವನ್ನು ಈ ಪ್ರಯಾಣಕ್ಕೆ ಬಿಟ್ಟುಬಿಡಿ. ಕಸ್ಟಮ್ಸ್ ಅಧಿಕಾರಿಗೆ ಹೆಸರು ಕಾಣಬೇಕು ಎಂಬುದು ಒಂದು ಕಾರಣ. ಟೆಲ್ಮಿಸಾರ್ಟನ್ ತೇವವನ್ನು ಹೀರಿಕೊಳ್ಳುತ್ತದೆ ಎಂಬುದು ಇನ್ನೊಂದು. ನುಂಗುವ ಹೊತ್ತಿನವರೆಗೂ ಪೊಟ್ಟಣದಿಂದ ತೆಗೆಯಬಾರದು ಎಂದು ಅದರ ಸೂಚನಾಪತ್ರವೇ ಹೇಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಡಬ್ಬಿಗೆ ಸುರಿದಿಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಬಿಪಿ ನೋಡುವ ಯಂತ್ರವನ್ನೂ ಒಯ್ಯಿರಿ, ಬ್ಯಾಟರಿಯಿಂದ ಓಡುವಂಥದ್ದು. ಅಮೆರಿಕದ ಪ್ಲಗ್ಗಿನ ಆಕಾರ ಬೇರೆ, ವಿದ್ಯುತ್ತು ಸುಮಾರು 120 ವೋಲ್ಟ್.

7. ಅಮೆರಿಕದಲ್ಲಿ ಮಾತ್ರೆ ಮುಗಿಯುವ ಹೊತ್ತಿಗೆ

ಇನ್ನೂ ಮೂರು ವಾರದ ಮಾತ್ರೆ ಇರುವಾಗಲೇ ಕೆಲಸ ಶುರುಮಾಡಿ. ದಾರಿ ಎರಡು.

ಮೊದಲನೆಯದು ಊರಿನಿಂದ ತರಿಸಿಕೊಳ್ಳುವುದು. 90 ದಿನಕ್ಕಿಂತ ಹೆಚ್ಚು ಉಳಿಯುವ ವಿದೇಶಿ ಪ್ರಜೆಗಳು ತಮ್ಮ ಔಷಧವನ್ನು ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಳ್ಳಲು ಎಫ್‌ಡಿಎ ಅವಕಾಶ ಕೊಡುತ್ತದೆ. ಪೊಟ್ಟಣದೊಳಗೆ ವೀಸಾ ಮತ್ತು ಪಾಸ್‌ಪೋರ್ಟಿನ ಪ್ರತಿ, ಇಂಗ್ಲಿಷಿನಲ್ಲಿರುವ ವೈದ್ಯರ ಪತ್ರ, ಚೀಟಿಯ ಪ್ರತಿ ಇರಬೇಕು. ಸಿಲ್ನಿಡಿಪಿನ್‌ನವರಿಗೆ ಉಳಿದಿರುವ ದಾರಿ ಬಹುತೇಕ ಇದೊಂದೇ. ಆದರೆ ಪೊಟ್ಟಣ ಕಸ್ಟಮ್ಸಿನಲ್ಲಿ ಎಷ್ಟು ದಿನ ಕುಳಿತಿರುತ್ತದೆಂದು ಯಾರೂ ಭರವಸೆ ಕೊಡಲಾರರು. ಅಲ್ಲಿಗೆ ಬರುವ ನೆಂಟರ ಕೈಯಲ್ಲಿ ನಿಮ್ಮ ಹೆಸರಿನ ಔಷಧ ಕಳಿಸುವ ರೂಢಿ ನಮ್ಮಲ್ಲಿ ಸಾಮಾನ್ಯ. ವಿಚಾರಣೆಯಾದರೆ ಉತ್ತರ ಹೇಳಬೇಕಾದವರು ಅವರು ಎಂಬುದು ನೆನಪಿರಲಿ.

ಎರಡನೆಯದು ಅಲ್ಲೇ ಕೊಳ್ಳುವುದು. ಭಾರತದ ಚೀಟಿಗೆ ಅಲ್ಲಿ ಬಿಪಿ ಮಾತ್ರೆ ಕೊಡುವುದಿಲ್ಲ. ಅಲ್ಲಿನ ಪರವಾನಗಿ ಇರುವ ವೈದ್ಯರು ಬರೆಯಬೇಕು. ಅದಕ್ಕಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಡಿ, ಬಿಲ್ಲು ನೋಡಿ ಬಿಪಿ ಏರುತ್ತದೆ. ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವ ಅರ್ಜೆಂಟ್ ಕೇರ್ ಕ್ಲಿನಿಕ್ ಸಾಕು. ವಿಮೆ ಇಲ್ಲದವರಿಗೆ ಅಲ್ಲಿಯೂ ನೂರು ಡಾಲರ್ ದಾಟುವುದು ಸಾಮಾನ್ಯ. ವಿಡಿಯೊ ಕರೆಯಲ್ಲಿ ನೋಡುವ ವೈದ್ಯರು ಹಲವು ಸಲ ಇದಕ್ಕಿಂತ ಅಗ್ಗ. ಆದರೆ ಅವರಿಗೆ ನೀವಿರುವ ರಾಜ್ಯದ ಪರವಾನಗಿ ಇರಬೇಕು. ಊರಿನಲ್ಲಿ ಕೊಂಡ ಪ್ರವಾಸಿ ವಿಮೆ ಇದನ್ನು ಭರಿಸುತ್ತದೆಂದು ನಂಬಿ ಕೂರಬೇಡಿ. ಮೊದಲೇ ಇರುವ ಕಾಯಿಲೆಯ ನಿತ್ಯದ ಮಾತ್ರೆ ಅಂಥ ಹೆಚ್ಚಿನ ಪಾಲಿಸಿಗಳ ಹೊರಗಿರುತ್ತದೆ. 30ರ ಬದಲು 90 ದಿನಕ್ಕೆ ಬರೆದುಕೊಡಲು ಕೇಳಿ, ಮತ್ತೆ ಹೋಗುವುದು ತಪ್ಪುತ್ತದೆ.

ಮಾತ್ರೆಯ ಬೆಲೆ ಮಾತ್ರ ಹೆದರಿದಷ್ಟಿರುವುದಿಲ್ಲ. ಬ್ರ್ಯಾಂಡ್ ಬೇಡ, ಜೆನೆರಿಕ್ ಕೊಡಿ ಎಂದು ಹೇಳಿ. ಲಿಸಿನೊಪ್ರಿಲ್, ಹೈಡ್ರೋಕ್ಲೋರೋಥಯಜೈಡ್‌ನಂಥ ಹಳೆಯ ಮಾತ್ರೆಗಳಿಗೆ ವಾಲ್‌ಮಾರ್ಟ್ 2006ರಿಂದ ತಿಂಗಳಿಗೆ 4 ಡಾಲರ್‌ನ ಪಟ್ಟಿ ಇಟ್ಟುಕೊಂಡಿದೆ. ಸದಸ್ಯರಿಗಷ್ಟೇ ಮಾರುವ ಕಾಸ್ಟ್‌ಕೋ ಮಳಿಗೆಯಲ್ಲೂ ಔಷಧ ವಿಭಾಗಕ್ಕೆ ಸದಸ್ಯತ್ವ ಬೇಕಿಲ್ಲ. ಗುಡ್‌ಆರ್‌ಎಕ್ಸ್‌ನಂಥ ಉಚಿತ ಕೂಪನ್‌ನಲ್ಲಿ ಒಂದೇ ಔಷಧದ ಬೆಲೆ ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಎಷ್ಟು ಬೇರೆಯಿರುತ್ತದೆಂದು ನೋಡಿದರೆ ನಮ್ಮ ಎಂಆರ್‌ಪಿ ಪದ್ಧತಿಯ ಮೇಲೆ ಗೌರವ ಬರುತ್ತದೆ.

ಕೈಗೆ ಬರುವುದು ಸ್ಟ್ರಿಪ್ಪಲ್ಲ, ಬಿಡಿ ಮಾತ್ರೆಗಳಿರುವ ಕಿತ್ತಳೆ ಬಣ್ಣದ ಬಾಟಲಿ. ಅದರ ಮೇಲೆ ನಿಮ್ಮ ಹೆಸರಿರುತ್ತದೆ, ಮೂಲ ಹೆಸರಿರುತ್ತದೆ, ತಯಾರಕರ ಹೆಸರೂ ಇರುತ್ತದೆ. ಆ ಹೆಸರು ಲುಪಿನ್, ಝೈಡಸ್, ಅರಬಿಂದೊ, ಟೊರೆಂಟ್ ಎಂದಿದ್ದರೆ ಆಶ್ಚರ್ಯಪಡಬೇಕಿಲ್ಲ. ಅಮೆರಿಕದ ಜೆನೆರಿಕ್ ಮಾತ್ರೆಗಳಲ್ಲಿ ದೊಡ್ಡ ಪಾಲು ನಮ್ಮ ಕಂಪನಿಗಳದ್ದೇ. ‘ಅಲ್ಲಿಯ ಮಾತ್ರೆ ನನಗೆ ಹಿಡಿಸುವುದಿಲ್ಲ’ ಎನ್ನುವ ಯಜಮಾನರಿಗೆ ಆ ಲೇಬಲ್ ತೋರಿಸಿ. ಮುಂದಿನ ತಿಂಗಳು ಅದೇ ಔಷಧ ಬೇರೆ ಬಣ್ಣ, ಬೇರೆ ಆಕಾರದಲ್ಲಿ ಬರಬಹುದು. ತಯಾರಕರು ಬದಲಾಗಿರುತ್ತಾರೆ, ಔಷಧವಲ್ಲ. ಅನುಮಾನವಿದ್ದರೆ ಕೇಳಿ, ಬಣ್ಣ ನೋಡಿ ನಿಲ್ಲಿಸಬೇಡಿ.

8. ಬೇರೆ ನಾಡುಗಳಲ್ಲಿ

ಬ್ರಿಟನ್ನಿನಲ್ಲಿಯೂ ಭಾರತದ ಚೀಟಿ ನಡೆಯುವುದಿಲ್ಲ. ಆದರೆ ಒಂದು ದಿನಕ್ಕಿಂತ ಹೆಚ್ಚು, ಮೂರು ತಿಂಗಳಿಗಿಂತ ಕಡಿಮೆ ಇರುವವರು ಹತ್ತಿರದ ಜಿಪಿ (ಸಾಮಾನ್ಯ ವೈದ್ಯರ) ಕ್ಲಿನಿಕ್ಕಿನಲ್ಲಿ ತಾತ್ಕಾಲಿಕ ನಿವಾಸಿಯಾಗಿ ಹೆಸರು ಬರೆಸಿಕೊಳ್ಳಬಹುದು. ಜಿಪಿಯನ್ನು ಕಾಣಲು ಪ್ರವಾಸಿಗೂ ಶುಲ್ಕವಿಲ್ಲ.

ಜರ್ಮನಿಯಲ್ಲಿ ಕೆಲಸಕ್ಕಿರುವವರು ಮನೆಯ ಹತ್ತಿರದ ಕುಟುಂಬ ವೈದ್ಯರಲ್ಲಿ ಒಮ್ಮೆ ಗುರುತಾದರೆ ಸಾಕು. 2024ರಿಂದ ಸರಕಾರಿ ವಿಮೆಯವರ ಚೀಟಿ ವಿಮಾ ಕಾರ್ಡಿನ ಮೂಲಕವೇ ಅಂಗಡಿಗೆ ತಲುಪುತ್ತದೆ. ವಿಮಾ ಸಂಸ್ಥೆ ಯಾವ ಕಂಪನಿಯೊಂದಿಗೆ ರಿಯಾಯಿತಿ ಒಪ್ಪಂದ ಮಾಡಿಕೊಂಡಿದೆಯೋ ಆ ಡಬ್ಬಿ ಕೊಡುತ್ತಾರೆ, ಆದ್ದರಿಂದ ಡಬ್ಬಿ ಬದಲಾಗುತ್ತಲೇ ಇರುತ್ತದೆ.

ಕೊಲ್ಲಿ ನಾಡುಗಳಲ್ಲಿ ಔಷಧ ಅಂಗಡಿಯ ಕೌಂಟರಿನ ಆಚೆ ಕೇರಳದ ಅಥವಾ ಮಂಗಳೂರು ಕಡೆಯ ಫಾರ್ಮಸಿಸ್ಟರು ಸಿಗುವುದು ಅಪರೂಪವಲ್ಲ. ನಮ್ಮ ಬ್ರ್ಯಾಂಡ್ ಹೆಸರೂ ಅವರಿಗೆ ಗೊತ್ತಿರುತ್ತದೆ. ಇಷ್ಟು ಸಲೀಸು ಬೇರೆಲ್ಲೂ ಇಲ್ಲ.

9. ಹೊತ್ತು, ಹೊಸ ಮಾತ್ರೆ, ಎಚ್ಚರದ ಗುರುತು

ಬೆಂಗಳೂರಿನ ಬೆಳಗ್ಗೆ 8 ಗಂಟೆ ಎಂದರೆ ಚಳಿಗಾಲದ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ 9.30. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ದೇಹದಲ್ಲಿ ದೀರ್ಘಕಾಲ ಉಳಿಯುವಂಥವು, ಅಲ್ಲಿನ ಬೆಳಗಿನ ಹೊತ್ತಿಗೆ ಹೊಂದಿಕೊಳ್ಳುವುದು ಕಷ್ಟವಲ್ಲ. ದಿನಕ್ಕೆ ಎರಡು, ಮೂರು ಸಲ ತೆಗೆದುಕೊಳ್ಳುವ ಮಾತ್ರೆಯಿದ್ದರೆ ಹೊತ್ತನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಒಂದು ತಪ್ಪಿತೆಂದು ಎರಡು ನುಂಗಬಾರದು. ಕ್ಲೊನಿಡಿನ್ ಎಂಬ ಬಿಪಿ ಔಷಧವನ್ನು ಮತ್ತು ಮೆಟೊಪ್ರೊಲಾಲ್, ಅಟೆನೊಲಾಲ್‌ಗಳನ್ನು ‘ಸಿಗಲಿಲ್ಲ’ ಎಂದು ಥಟ್ಟನೆ ನಿಲ್ಲಿಸುವುದು ಅಪಾಯ. ಕ್ಲೊನಿಡಿನ್ ನಿಂತರೆ ರಕ್ತದೊತ್ತಡ ಮೊದಲಿಗಿಂತ ಮೇಲಕ್ಕೆ ಜಿಗಿಯಬಹುದು. ಇನ್ನೆರಡು ಥಟ್ಟನೆ ನಿಂತರೆ ಹೃದ್ರೋಗವಿರುವವರಿಗೆ ಎದೆನೋವು ಮರುಕಳಿಸಬಹುದು.

ಮಾತ್ರೆ ಬದಲಾದ ಮೊದಲ ಎರಡು ವಾರ ಬೆಳಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಒಂದು ದಿನದ ಅಂಕಿ ಕಂಡು ಕುಣಿಯುವುದೂ ಬೇಡ, ಕುಸಿಯುವುದೂ ಬೇಡ. 180/120 ದಾಟಿದ್ದು, ಜತೆಗೆ ಎದೆನೋವು, ಉಸಿರಾಟದ ಕಷ್ಟ, ಕೈಕಾಲಿನಲ್ಲಿ ಬಲಹೀನತೆ, ಮಾತು ತೊದಲುವುದು ಇದ್ದರೆ ಮಾತ್ರೆ ಹುಡುಕುತ್ತ ಕೂರದೆ ಆಂಬುಲೆನ್ಸ್ ಕರೆಯಿರಿ: ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನ ಬಹುತೇಕ ಕಡೆ 112.

ಔಷಧ ಸರಿಯಿದ್ದೂ ಬಿಪಿ ಏರುತ್ತಿದ್ದರೆ ಮನೆಯ ಕಪಾಟು ನೋಡಿ. ಚಳಿಗೆ ಮೂಗು ಕಟ್ಟಿತೆಂದು ತಂದ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಇರಬಹುದು. ಅಮೆರಿಕದ ಡಬ್ಬಿಗಳಲ್ಲಿ ಬ್ರ್ಯಾಂಡಿನ ಕೊನೆಗೆ ‘ಡಿ’ ಎಂಬ ಅಕ್ಷರವಿದ್ದರೆ ಅದನ್ನು ಕೇಳಿ ತಿಳಿಯಿರಿ. ಮಂಡಿನೋವಿಗೆ ದಿನವೂ ನುಂಗುವ ಐಬುಪ್ರೊಫೆನ್ ಕೂಡ ರಕ್ತದೊತ್ತಡ ಏರಿಸುತ್ತದೆ. ಇನ್ನೊಂದು ಎಚ್ಚರ ಬಿಪಿ ಏರುವುದರದಲ್ಲ, ಪೊಟ್ಯಾಸಿಯಂನದು: ಸೊಸೆ ಕಾಳಜಿಯಿಂದ ತಂದಿಟ್ಟ ‘ಸೋಡಿಯಂ ಕಡಿಮೆ’ ಉಪ್ಪಿನಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ; ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಿಗೆ, ಅದರಲ್ಲೂ ಮೂತ್ರಪಿಂಡ ದುರ್ಬಲವಾಗಿರುವವರಿಗೆ, ವೈದ್ಯರನ್ನು ಕೇಳದೆ ಅದು ಸಲ್ಲದು.

10. ಊರಿಗೆ ಮರಳಿದ ಮೇಲೆ

ಅಲ್ಲಿ ಬರೆದುಕೊಟ್ಟ ಔಷಧದ ಪಟ್ಟಿ ಮತ್ತು ಬಿಪಿ ಬರೆದಿಟ್ಟ ಪುಸ್ತಕವನ್ನು ನಿಮ್ಮ ವೈದ್ಯರಿಗೆ ತೋರಿಸಿ, ಮುಂದೆ ಯಾವುದನ್ನು ತೆಗೆದುಕೊಳ್ಳಬೇಕೆಂದು ಅವರಿಂದ ಹೇಳಿಸಿಕೊಳ್ಳಿ. ಆ ವಾರ ಮನೆಯಲ್ಲಿ ಎರಡು ದಾಸ್ತಾನುಗಳಿರುತ್ತವೆ: ಅಮೆರಿಕದ ಬಾಟಲಿಯಲ್ಲಿ ಉಳಿದ ಆಮ್ಲೋಡಿಪಿನ್, ಹೊರಡುವ ಮುಂಚೆ ಬೀರುವಿನಲ್ಲಿಟ್ಟಿದ್ದ ಆಮ್‌ಲಾಂಗ್. ಹೆಸರು ಬೇರೆಯೆಂದು ಎರಡನ್ನೂ ನುಂಗಿ ತಲೆ ಸುತ್ತಿ ಬಿದ್ದವರಿದ್ದಾರೆ. ವೈದ್ಯರು ಬೇಡವೆಂದದ್ದನ್ನು ಅಂದೇ ಮನೆಯಿಂದ ಆಚೆ ಹಾಕಿ.